ಗೆರೆ ಡೊಂಕಾದರೆ ದಿಗಿಲು ಬೇಡ, ಪರದೆ ಇಳಿದರೆ ತಡ ಬೇಡ

"ಸಾಮಾನಿನ ಚೀಟಿ ಓದೋಕಾಗ್ತಿಲ್ಲ ಸ್ವಾಮಿ. ಕಿರ್ದಿ ಪುಸ್ತಕದ ಗೆರೆಯೆಲ್ಲ ಹಾವಿನ ಹಾಗೆ ಹರೀತಾವೆ. ಆಪರೇಷನ್ ಕೆಟ್ಟೋಯ್ತೋ ಏನೋ!"

ಸಕಲೇಶಪುರದ ಕಿರಾಣಿ ಅಂಗಡಿ ಯಜಮಾನರೊಬ್ಬರ ಅಳಲಿದು. ಬಲಗಣ್ಣಿನ ಅಕ್ಷಿಪಟಲ, ಅಂದರೆ ರೆಟಿನಾ, ಕಳಚಿ ಮಂಗಳೂರಿನಲ್ಲಿ ಆಪರೇಷನ್ ಆಗಿ ಆಗ ಮೂರು ತಿಂಗಳಾಗಿತ್ತು. "ಕಣ್ಣು ಸರಿಹೋಯ್ತಾ ಯಜಮಾನ್ರೆ?" ಎಂದು ಗಿರಾಕಿಗಳು ದಿನಾ ಕೇಳುವರು. ಹೌದೆನ್ನಲೂ ಆಗದು, ಇಲ್ಲವೆನ್ನಲೂ ಆಗದು!

ಪೊರೆ ತೆಗೆಸಿಕೊಂಡವರು ನಾಲ್ಕು ದಿನಕ್ಕೆ ಪೇಪರ್ ಓದುವುದನ್ನು ಕಂಡ ಜನ, ಕಣ್ಣಿನ ಆಪರೇಷನ್ನೆಲ್ಲ ಹಾಗೆಯೇ ಎಂದುಕೊಂಡಿದ್ದಾರೆ. ಅದು ಬೇರೆ, ಇದು ಬೇರೆ. ಪೊರೆ ಎಂದರೆ ಮಸುಕಾದ ಗಾಜು, ಬದಲಿಸಿದರಾಯಿತು. ರೆಟಿನಾ ಕಣ್ಣೊಳಗಿನ ಗೋಡೆಗೆ ಅಂಟಿದ, ಬೆಳಕು ಹಿಡಿಯುವ ತೆಳು ಪದರ. ಅದರಲ್ಲಿ ಹರುಕು ಬಿದ್ದು ಹಿಂದಕ್ಕೆ ನೀರು ನುಗ್ಗಿದರೆ, ತೇವ ಹೊಡೆದ ಗೋಡೆಯ ಸುಣ್ಣದಂತೆ ಬಿಟ್ಟುಕೊಳ್ಳುತ್ತದೆ. ಹರುಕು ಮುಚ್ಚಿದರೆ ಕಣ್ಣು ಉಳಿಯುತ್ತದೆಂದು ಸ್ವಿಟ್ಜರ್‌ಲೆಂಡಿನ ಡಾ. ಜೂಲ್ಸ್ ಗೋನಿನ್ 1920ರ ದಶಕದಲ್ಲಿ ತೋರಿಸುವವರೆಗೆ, ಈ ಕಾಯಿಲೆ ಬಂತೆಂದರೆ ಆ ಕಣ್ಣಿನ ಆಸೆ ಬಿಟ್ಟಂತೆಯೇ.

ಅಂಟಿಸುವುದು ಡಾಕ್ಟರ ಕೆಲಸ. ಚೇತರಿಸಿಕೊಳ್ಳುವುದು ಆ ಪದರದ ಕೆಲಸ. ಅದರ ನಟ್ಟನಡುವಿನ ಭಾಗವೂ ಕಳಚಿದ್ದರೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷದ ಮೇಲೂ ಹಿಡಿಯುತ್ತದೆ. ಪೂರಾ ವಾಪಸು ಬಾರದವರೂ ಇದ್ದಾರೆ. ಗೆರೆ ಡೊಂಕು, ಬಣ್ಣ ಮಂಕು, ತೇಲಾಡುವ ಚುಕ್ಕೆ, ಒಂದು ಕಣ್ಣಿಗೆ ಚಿಕ್ಕದು ಇನ್ನೊಂದಕ್ಕೆ ದೊಡ್ಡದು! ಬಸ್ಸಿನ ಮೆಟ್ಟಿಲ ಅಂದಾಜೂ ತಪ್ಪಬಹುದು. ಕಂಬಿ ಹಿಡಿದೇ ಇಳಿಯುವುದು ಲೇಸು.

ಪದರವನ್ನು ಒತ್ತಿಹಿಡಿಯಲು ಕೆಲವರ ಕಣ್ಣಿಗೆ ಗ್ಯಾಸ್ ತುಂಬುತ್ತಾರೆ. ಗ್ಯಾಸಿನ ಜಾತಿ ನೋಡಿಕೊಂಡು ಎರಡರಿಂದ ಎಂಟು ವಾರ ಆ ಗುಳ್ಳೆ ಇರುತ್ತದೆ. ನೋಟದ ಕೆಳಗಡೆ ತುಳುಕುವ ನೀರಿನ ಗೆರೆಯಂತೆ ಕಂಡು, ದಿನೇ ದಿನೇ ಇಳಿಯುತ್ತದೆ. ಅದು ಕರಗುವ ತನಕ ವಿಮಾನ ಹತ್ತುವಂತಿಲ್ಲ. ಡಾಕ್ಟರನ್ನು ಕೇಳದೆ ಘಟ್ಟವನ್ನೂ ಹತ್ತಬಾರದು. ಮೇಲೇರಿದಂತೆ ಹೊರಗಿನ ಗಾಳಿಯ ಒತ್ತಡ ಇಳಿದು ಗುಳ್ಳೆ ಹಿಗ್ಗುತ್ತದೆ, ಕಣ್ಣಿಗೇ ಕುತ್ತು.

ಮಂಗಳೂರು ಕಡಲ ದಂಡೆ, ಸಕಲೇಶಪುರ 900 ಮೀಟರಿಗೂ ಮೇಲೆ. ಆಪರೇಷನ್ ಆದ ವಾರಕ್ಕೇ ಯಜಮಾನರು ಶಿರಾಡಿ ಘಾಟಿಯ ಬಸ್ಸಿಗೆ ಹೊರಟಿದ್ದರು. "ಗುಳ್ಳೆ ಕರಗೋ ತನಕ ಇಲ್ಲೇ ಇರಣ್ಣ. ಅಂಗಡಿ ಎಲ್ಲಿಗೂ ಓಡ್ಹೋಗಲ್ಲ" ಎಂದು ಮಂಗಳೂರಿನ ತಂಗಿ ತಡೆದದ್ದು ಪುಣ್ಯ.

ಹಾಗಾದರೆ ಓಡಬೇಕಾದದ್ದು ಯಾವಾಗ? ಪಕ್ಕದಿಂದ ಕಪ್ಪು ಪರದೆ ಸರಿದಂತಾದರೆ, ಚುಕ್ಕೆಗಳು ಒಮ್ಮೆಲೇ ಉದುರಿದಂತೆ ಕಂಡರೆ, ಹೊಸದಾಗಿ ಮಿಂಚು ಹೊಡೆದರೆ, ನೋಟ ಕುಸಿದರೆ, ಕಣ್ಣು ವಿಪರೀತ ನೋವಾದರೆ ಅವತ್ತೇ ಆಸ್ಪತ್ರೆ ಸೇರಬೇಕು. ಡೊಂಕು ಹೆಚ್ಚುತ್ತಾ ಹೋದರೂ ಡಾಕ್ಟರಿಗೆ ಹೇಳಬೇಕು. "ಸಂತೆ ಮುಗಿಸಿ ಹೋದರಾಯಿತು" ಎಂದವರು ಕಣ್ಣು ಕಳೆದುಕೊಂಡಾರು.

ಯಜಮಾನರಿಗೀಗ ಆರು ತಿಂಗಳು. ವಾರಕ್ಕೊಮ್ಮೆ ಎಡಗಣ್ಣು ಮುಚ್ಚಿ ಅದೇ ಕಿರ್ದಿ ಪುಸ್ತಕ ನೋಡುತ್ತಾರೆ. ಮೊನ್ನೆ ಗಿರಾಕಿಯೊಬ್ಬರು ಮಾಮೂಲಿ ಪ್ರಶ್ನೆ ಕೇಳಿದಾಗ ನಕ್ಕರು:

"ಹಾವು ಹೋಗಿ ಎರೆಹುಳ ಆಗಿದೆ. ನಿಮ್ಮ ಬಾಕಿ ಮಾತ್ರ ನೆಟ್ಟಗೆ ಕಾಣ್ತದೆ!"