ತೂಕಕ್ಕೆ ಕೊಂಡ ಆಂಗಲ್, ಉದ್ದಕ್ಕೆ ಸೋತೀತು

ಗೋದಾಮು ಅಥವಾ ಕಾರ್ಖಾನೆಯ ಷೆಡ್ಡು ಕಟ್ಟಿಸುವ ಉದ್ಯಮಿಯು ದರಪಟ್ಟಿಗಳನ್ನು ತುಲನೆ ಮಾಡುವುದು ಸಾಮಾನ್ಯವಾಗಿ ಕಿಲೋ ಲೆಕ್ಕದಲ್ಲಿ. ಒಟ್ಟು ತೂಕ ಕಡಿಮೆಯಿದ್ದಲ್ಲಿ ಅಗ್ಗವೆಂಬ ಭಾವನೆ ಸಹಜ. ಹೀಗೆ ತೂಕವಿಳಿಸುವಾಗ ಸುಲಭವಾಗಿ ಕತ್ತರಿ ಬೀಳುವುದು ಕಂಬಗಳ ನಡುವೆ ಓರೆಯಾಗಿ ಜೋಡಿಸುವ ಒಂಟಿ ಆಂಗಲ್ ಬ್ರೇಸ್‌ಗಳಿಗೆ. ಆದರೆ ಬ್ರೇಸ್‌ನ ಸಾಮರ್ಥ್ಯವನ್ನು ತಕ್ಕಡಿಯಿಂದ ಅಳೆಯಲಾಗದು.

ಎಳೆತ ಬೇರೆ, ಒತ್ತಡ ಬೇರೆ

ಗಾಳಿಯ ದಿಕ್ಕು ಬದಲಾದಂತೆ ಬ್ರೇಸ್ ಮೇಲಿನ ಬಲವೂ ತಿರುವುಮುರುವಾಗುತ್ತದೆ. ಇಂದು ಎಳೆಯಲ್ಪಟ್ಟ ಆಂಗಲ್ ನಾಳೆ ಒತ್ತಲ್ಪಡುತ್ತದೆ. ಎಳೆದಾಗ ಉಕ್ಕಿನ ಪೂರ್ಣ ಬಲ ದೊರೆಯುತ್ತದೆ. ಒತ್ತಿದಾಗ ಉದ್ದನೆಯ ಆಂಗಲ್ ಉಕ್ಕಿನ ಬಲ ಮುಗಿಯುವ ಮೊದಲೇ ಪಕ್ಕಕ್ಕೆ ಬಾಗಿಬಿಡುತ್ತದೆ. ಇದೇ ಬಕ್ಲಿಂಗ್. ಗಣಿತಜ್ಞ ಲಿಯೊನಾರ್ಡ್ ಯೂಲರ್ 1744ರಲ್ಲಿ ಪ್ರಕಟಿಸಿದ ಸೂತ್ರದಂತೆ, ಉದ್ದ ಇಮ್ಮಡಿಯಾದರೆ ಬಾಗದೆ ನಿಲ್ಲುವ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ.

ಒಂದು ಲೆಕ್ಕ ನೋಡಬಹುದು. 50x50x6 ಮಿ.ಮೀ. ಆಂಗಲ್ ಮೀಟರಿಗೆ 4.5 ಕಿಲೋ ತೂಗುತ್ತದೆ. 250 ಮೆಗಾಪಾಸ್ಕಲ್ ಉಕ್ಕಿನದಾದರೆ, ಬೋಲ್ಟು ರಂಧ್ರದ ನಷ್ಟ ಬಿಟ್ಟು, ಸುಮಾರು 14 ಟನ್ ಎಳೆತಕ್ಕೆ ಅದು ತಡೆಯುತ್ತದೆ. ಅದೇ ಆಂಗಲ್ 2.5 ಮೀಟರ್ ಉದ್ದವಿದ್ದು ಎರಡೂ ತುದಿ ಸಡಿಲವಾಗಿದ್ದರೆ, ಯೂಲರ್ ಸೂತ್ರದ ಪ್ರಕಾರ 1.7 ಟನ್ ಒತ್ತಡಕ್ಕೇ ಬಾಗುತ್ತದೆ.

ದುರ್ಬಲ ದಿಕ್ಕು ಎಲ್ಲಿ?

ಆಂಗಲ್ ತನ್ನ ಎರಡು ಕಾಲುಗಳ ನೇರಕ್ಕೆ ಬಾಗುವುದಿಲ್ಲ. ಓರೆಯಾದ ಅಕ್ಷದ ಸುತ್ತ ಬಾಗುತ್ತದೆ. ಎಂಜಿನಿಯರರು ರೇಡಿಯಸ್ ಆಫ್ ಗೈರೇಶನ್ ಎನ್ನುವ ಅಳತೆ ಮೇಲಿನ ಆಂಗಲ್‌ಗೆ ಆ ಅಕ್ಷದಲ್ಲಿ ಕೇವಲ 9.6 ಮಿ.ಮೀ. ಉದ್ದವನ್ನು ಇದರಿಂದ ಭಾಗಿಸಿದರೆ 260 ಬರುತ್ತದೆ. ಭಾರತೀಯ ಮಾನಕ ಐಎಸ್ 800ರ 2007ರ ಆವೃತ್ತಿಯು ಈ ಅನುಪಾತಕ್ಕೆ ಕಟ್ಟಡದ ನಿತ್ಯಭಾರ ಹೊರುವ ಒತ್ತಡದ ಅಂಗಗಳಲ್ಲಿ 180, ಗಾಳಿ ಅಥವಾ ಭೂಕಂಪದ ಒತ್ತಡವನ್ನಷ್ಟೇ ಹೊರುವವುಗಳಲ್ಲಿ 250ರ ಮಿತಿ ಹಾಕಿದೆ.

65x65x6 ಆಂಗಲ್ ಬಳಸಿದರೆ ಅನುಪಾತ 200ರ ಆಸುಪಾಸಿಗೆ ಇಳಿಯುತ್ತದೆ. ತೂಕ ಮೀಟರಿಗೆ 5.8 ಕಿಲೋ, ಅಂದರೆ ಶೇಕಡ 29 ಹೆಚ್ಚು. ಬಾಗದೆ ನಿಲ್ಲುವ ಶಕ್ತಿಯಾದರೋ ಎರಡು ಪಟ್ಟಿಗೂ ಮೀರುತ್ತದೆ. ಇಪ್ಪತ್ತು ಬ್ರೇಸ್‌ಗಳಿಗೆ ತಗಲುವ ಹೆಚ್ಚುವರಿ ಉಕ್ಕು ಕೇವಲ 65 ಕಿಲೋ.

ಜೋಡಣೆಯ ಮಹತ್ವ

ಗಸೆಟ್ ಪ್ಲೇಟಿಗೆ ಆಂಗಲ್‌ನ ಒಂದೇ ಕಾಲನ್ನು ಜೋಡಿಸುವುದರಿಂದ ಬಲವು ಅದರ ಕೇಂದ್ರದ ಮೂಲಕ ಹಾಯುವುದಿಲ್ಲ. ಬಾಗುವಿಕೆ, ತಿರುಚುವಿಕೆ ಎರಡೂ ಸೇರಿಕೊಳ್ಳುತ್ತವೆ. ಆದಕಾರಣ 2007ರ ಮಾನಕವು ಬೋಲ್ಟು ಒಂದೋ, ಎರಡೋ, ಗಸೆಟ್ ಎಷ್ಟು ಬಿಗಿ ಎಂಬುದನ್ನೂ ಲೆಕ್ಕಕ್ಕೆ ಸೇರಿಸಿದೆ. ಎರಡು ಬೋಲ್ಟಿನ ಜಾಗದಲ್ಲಿ ಒಂದನ್ನೇ ಹಾಕಿ ಉಳಿಸಿದ ಹಣ ಉಳಿತಾಯವಲ್ಲ.

ಆದ್ದರಿಂದ ಖರೀದಿ ಆದೇಶದಲ್ಲಿ ಒಟ್ಟು ತೂಕವನ್ನಷ್ಟೇ ನಮೂದಿಸದೆ, ಪ್ರತಿ ಬ್ರೇಸ್‌ನ ಅಳತೆ, ದಪ್ಪ, ಉದ್ದ, ಬೋಲ್ಟುಗಳ ಸಂಖ್ಯೆ, ಗಸೆಟ್‌ನ ದಪ್ಪ ಇವನ್ನು ನಕ್ಷೆಯೊಡನೆ ಕಾಣಿಸುವುದು ಲೇಸು. ಅಳತೆ ಬದಲಿಸಬೇಕಾದರೆ ಸ್ಟ್ರಕ್ಚರಲ್ ಎಂಜಿನಿಯರರ ಲಿಖಿತ ಒಪ್ಪಿಗೆ ಕಡ್ಡಾಯವಾಗಿರಲಿ. ಷೆಡ್ಡಿನ ಬೆಲೆ ಲೆಕ್ಕಪುಸ್ತಕದಲ್ಲಿ ವರ್ಷೇ ವರ್ಷೇ ಸವಕಳಿಯಾಗಿ ಇಳಿಯುತ್ತದೆ. ಅದರೊಳಗಿನ ಸರಕು ಮತ್ತು ಕೆಲಸಗಾರರ ಸುರಕ್ಷತೆಯ ಬೆಲೆ ಇಳಿಯುವುದಿಲ್ಲ.