ಮಿದುಳಿಗೆ ಸಕ್ಕರೆ ದಾಟೋದು ಹೇಗೆ? (ಪಾಡ್‌ಕಾಸ್ಟ್‌ ಬರಹ ರೂಪ)

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿರೋರಿಗೆ, ತೋಟದಲ್ಲಿ ಮೊಬೈಲ್ ಜೇಬಲ್ಲಿಟ್ಟು ಕೆಲಸ ಮಾಡ್ತಿರೋರಿಗೆ, ಎಲ್ಲರಿಗೂ ಸ್ವಾಗತ.

ಇವತ್ತಿನ ಪ್ರಶ್ನೆ: ರಕ್ತದಲ್ಲಿರೋ ಗ್ಲೂಕೋಸ್ ಮಿದುಳಿನ ಒಳಗೆ ಹೋಗೋದು ಹೇಗೆ? ಬರೀ ಪರೀಕ್ಷೆಯ ಪ್ರಶ್ನೆ ಅಂದ್ಕೋಬೇಡಿ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ನಿಮ್ಮ ಮನೇಲಿ ಶುಗರ್ ಇರೋ ಅಜ್ಜನೋ ಅಪ್ಪನೋ ಇದ್ದರೆ, ಇದು ನಿಮ್ಮ ಮನೆಯದೇ ವಿಷಯ.

ಮೊದಲು ಲೆಕ್ಕ. ಮಿದುಳು ದೇಹದ ತೂಕದ ಶೇ 2ರಷ್ಟು ಮಾತ್ರ. ಆದರೆ ವಿಶ್ರಾಂತಿಯಲ್ಲಿರುವಾಗ ದೇಹ ಬಳಸುವ ಶಕ್ತಿಯಲ್ಲಿ ಸುಮಾರು ಶೇ 20 ಇದಕ್ಕೇ ಬೇಕು. ದಿನಕ್ಕೆ ಹೆಚ್ಚುಕಡಿಮೆ 100ರಿಂದ 120 ಗ್ರಾಂ ಗ್ಲೂಕೋಸ್. ಕೂಡಿಟ್ಟುಕೊಳ್ಳೋ ಕಣಜ ಮಾತ್ರ ತೀರಾ ಚಿಕ್ಕದು. ಹಾಗಾಗಿ ರಕ್ತದಿಂದ ಬರ್ತಾನೇ ಇರಬೇಕು.

ಆದರೆ ರಕ್ತದಲ್ಲಿರೋದೆಲ್ಲ ಒಳಗೆ ನುಗ್ಗೋ ಹಾಗಿಲ್ಲ. ಮಿದುಳಿನ ಸೂಕ್ಷ್ಮ ರಕ್ತನಾಳಗಳ ಗೋಡೆಯ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೊಲಿದ ಹಾಗಿರುತ್ತವೆ. ನಮ್ಮ ಅಡಿಕೆ ತೋಟದ ಬೇಲಿ ನೆನಪಿಸಿಕೊಳ್ಳಿ. ಬೇಲಿಗೆ ದಣಪೆ ಇರುತ್ತಲ್ಲ, ಜನ ದಾಟಬಹುದು, ದನ ಬರೋ ಹಾಗಿಲ್ಲ. ಮಿದುಳಿನ ದಣಪೆಯ ಹೆಸರು ಗ್ಲುಟ್-1. ಇದೊಂದು ಪ್ರೋಟೀನ್. ರಕ್ತದ ಕಡೆ ಬಾಯಿ ತೆರೆದು ಗ್ಲೂಕೋಸ್ ಹಿಡಿದುಕೊಳ್ಳುತ್ತೆ, ಆಮೇಲೆ ಆ ಕಡೆ ಮುಚ್ಚಿ, ಒಳಗಿನ ಕಡೆ ತೆರೆದು ಬಿಡುತ್ತೆ. ಗೋಡೆ ದಾಟಿದ ಗ್ಲೂಕೋಸನ್ನು ನರಕೋಶಗಳು ಗ್ಲುಟ್-3 ಅನ್ನೋ ಇನ್ನೊಂದು ಬಾಗಿಲಿಂದ ಒಳಗೆ ತಗೊಳ್ತವೆ.

ಸ್ನಾಯುಗಳಿಗೆ ಸಕ್ಕರೆ ಹೋಗೋಕೆ ಬಹುಪಾಲು ಇನ್ಸುಲಿನ್ ಅಪ್ಪಣೆ ಬೇಕು. ಈ ದಣಪೆಗೆ ಬೇಡ. ಆದರೆ ಇಲ್ಲಿ ಪಂಪೂ ಇಲ್ಲ. ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ನೀರು ಇಳಿದ ಹಾಗೆ, ರಕ್ತದಲ್ಲಿ ಹೆಚ್ಚಿದ್ದರೆ ಮಾತ್ರ ಒಳಗೆ ಇಳಿಯುತ್ತೆ. ರಕ್ತದಲ್ಲೇ ಕಡಿಮೆಯಾದರೆ? ದಣಪೆ ಸರಿ ಇದ್ದರೂ ಮಿದುಳಿಗೆ ಉಪವಾಸ.

ಅಪಾಯ ಇಲ್ಲೇ ಇರೋದು. ಕೊನೆಕೊಯ್ಲಿನ ದಿನ ಬೆಳಗ್ಗೆ ಅಜ್ಜ ಇನ್ಸುಲಿನ್ ತಗೊಂಡ್ರು, ತಿಂಡಿ ಆಮೇಲೆ ಅಂತ ತೋಟಕ್ಕೆ ಇಳಿದ್ರು ಅಂತಿಟ್ಟುಕೊಳ್ಳಿ. ಕೆಲವು ಶುಗರ್ ಮಾತ್ರೆಗಳದ್ದೂ ಇದೇ ಕಥೆ. ಸಕ್ಕರೆ ಪ್ರಮಾಣ 70ಕ್ಕಿಂತ ಕೆಳಗೆ ಇಳಿದರೆ ಬೆವರು, ನಡುಕ, ಹಸಿವು. ಇನ್ನೂ ಇಳಿದರೆ ಮಾತು ತೊದಲುತ್ತೆ, ಸುಮ್ಮಸುಮ್ಮನೆ ಸಿಟ್ಟು, ಗೊಂದಲ. ಎಷ್ಟೋ ಸಲ ನೋಡಿದವರು ‘ಕುಡಿದಿದ್ದಾರೆ’ ಅಂದುಬಿಡ್ತಾರೆ. ಹುಲಿಕಲ್ ಘಾಟಿಯಲ್ಲೋ ಆಗುಂಬೆ ತಿರುವಲ್ಲೋ ಬೈಕ್ ಓಡಿಸೋವಾಗ ಹೀಗಾದರೆ ಏನಾಗಬಹುದು, ಯೋಚಿಸಿ.

ಎಚ್ಚರ ಇದ್ದು ನುಂಗೋಕೆ ಆಗ್ತಿದ್ದರೆ ತಕ್ಷಣ 15 ಗ್ರಾಂ ಸಕ್ಕರೆ, ಅಂದರೆ ಮೂರು-ನಾಲ್ಕು ಟೀ ಚಮಚ, ನೀರಲ್ಲಿ ಕದಡಿ ಕೊಡಿ. ಮನೇಲಿರೋ ಜೋನಿಬೆಲ್ಲವೂ ಆದೀತು. 15 ನಿಮಿಷ ಬಿಟ್ಟು ಮತ್ತೆ ನೋಡಿ. ಸರಿಹೋಗದಿದ್ದರೆ ಇನ್ನೊಂದು ಸಲ ಕೊಡಿ. ಸರಿಯಾದ ಮೇಲೆ ಊಟ ಮಾಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಉಸಿರುನಾಳಕ್ಕೆ ಹೋಗಬಹುದು. ಮಗ್ಗುಲಿಗೆ ಮಲಗಿಸಿ, 108ಕ್ಕೆ ಫೋನ್ ಮಾಡಿ.

ಒಂಟಿ ಮನೆಗಳಿಗೆ ಆಂಬುಲೆನ್ಸ್ ಬರೋಕೆ ಹೊತ್ತಾಗುತ್ತೆ, ನಿಮಗೇ ಗೊತ್ತು. ಅದಕ್ಕೇ ಇದನ್ನ ಇವತ್ತೇ ಮನೆಯವರಿಗೂ ಕೇಳಿಸಿ. ಮುಂದಿನ ಕಂತಲ್ಲಿ ಸಿಗೋಣ.