ಬಿಟ್ಟಿ ವಿದ್ಯುತ್ತಿನ ಭ್ರಮೆ: ಅಯಸ್ಕಾಂತದ ಚಕ್ರ ಏಕೆ ದುಡಿಯುವುದಿಲ್ಲ?

ಹೊಳವನಹಳ್ಳಿ (ಕೊರಟಗೆರೆ ತಾ.): ತುಮಕೂರು ಜಿಲ್ಲೆಯ ಈ ಹೋಬಳಿ ಕೇಂದ್ರ ಜಯಮಂಗಲಿ ನದಿಯ ಬಯಲಿನಲ್ಲಿದೆ. ಆದರೆ ಇಲ್ಲಿನ ಬೇಸಾಯ ನಂಬಿರುವುದು ನದಿಯನ್ನಲ್ಲ, ಕೊಳವೆಬಾವಿಯನ್ನು. ಕೊಳವೆಬಾವಿ ನಂಬಿರುವುದು ವಿದ್ಯುತ್ತನ್ನು. ನೆರೆಯ ಮಧುಗಿರಿ, ಶಿರಾ, ಪಾವಗಡ ತಾಲ್ಲೂಕುಗಳ ಸ್ಥಿತಿಯೂ ಭಿನ್ನವಲ್ಲ. ಇಂತಹ ಸೀಮೆಯಲ್ಲಿ ‘ಡೀಸೆಲ್ ಬೇಡ, ಬಿಸಿಲು ಬೇಡ, ಬಿಲ್ ಇಲ್ಲ, ಒಮ್ಮೆ ತಿರುಗಿಸಿಬಿಟ್ಟರೆ ಜೀವಮಾನವಿಡೀ ವಿದ್ಯುತ್ತು’ ಎಂದು ಯಾರಾದರೂ ಹೇಳಿದರೆ ಕಿವಿ ನೆಟ್ಟಗಾಗುವುದು ಸಹಜವೇ ಸರಿ.

ಮರದ ಹಲಗೆಯ ಮೇಲೊಂದು ಚಕ್ರ, ಅದರ ಅಂಚಿಗೆ ಸಾಲಾಗಿ ಅಂಟಿಸಿದ ಅಯಸ್ಕಾಂತಗಳು, ಕೈಯಲ್ಲಿ ಇನ್ನೊಂದು ಅಯಸ್ಕಾಂತ ಹಿಡಿದು ಹತ್ತಿರ ತಂದೊಡನೆ ಗಿರ್ರನೆ ತಿರುಗುವ ಚಕ್ರ, ಪಕ್ಕದಲ್ಲಿ ಉರಿಯುವ ಬಲ್ಬು! ಮೊಬೈಲ್ ಪರದೆಯಲ್ಲಿ ಈ ದೃಶ್ಯ ಎಲ್ಲರಿಗೂ ಪರಿಚಿತ. ನೋಡಿದವರಲ್ಲಿ ಅನೇಕರು ಮನೆಯಲ್ಲೇ ಇದನ್ನು ಮಾಡಲು ಹೊರಡುತ್ತಾರೆ. ಕೆಲವರು ಸಿದ್ಧಯಂತ್ರಕ್ಕೆ ಮುಂಗಡ ಹಣ ಕೊಡಲೂ ಮುಂದಾಗುತ್ತಾರೆ. ಹಾಗಾದರೆ ಈ ಯಂತ್ರದ ನಿಜವೇನು?

ಬಲ ಬೇರೆ, ಶಕ್ತಿ ಬೇರೆ

ಗೊಂದಲದ ಬೇರು ನಮ್ಮ ಆಡುಮಾತಿನಲ್ಲಿಯೇ ಇದೆ. ‘ಅವನಿಗೆ ಬಲವಿದೆ’, ‘ಅವನಿಗೆ ಶಕ್ತಿಯಿದೆ’ ಎಂಬ ಎರಡು ಮಾತುಗಳಿಗೂ ಸಾಮಾನ್ಯವಾಗಿ ಒಂದೇ ಅರ್ಥ. ಆದರೆ ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಇವೆರಡೂ ಬೇರೆ ಬೇರೆ. ಎಳೆಯುವುದು, ನೂಕುವುದು ಬಲ. ಆ ಬಲದಿಂದ ವಸ್ತುವೊಂದು ಸರಿದಾಗ ನಡೆಯುವುದು ಕೆಲಸ. ಆ ಕೆಲಸಕ್ಕೆ ಖರ್ಚಾಗುವುದು ಶಕ್ತಿ.

ಅಡುಗೆಮನೆಯ ತೊಲೆಗೆ ಹೊಡೆದ ಕೊಕ್ಕೆಯೊಂದು ನೆಲುವನ್ನೂ ಅದರೊಳಗಿನ ಗಡಿಗೆಯನ್ನೂ ಮೂವತ್ತು ವರ್ಷ ಹೊತ್ತುಕೊಂಡಿರಬಲ್ಲದು. ಕೊಕ್ಕೆಗೆ ಯಾರೂ ಊಟ ಹಾಕುವುದಿಲ್ಲ, ಡೀಸೆಲ್ ಸುರಿಯುವುದಿಲ್ಲ. ಏಕೆಂದರೆ ಗಡಿಗೆ ಇದ್ದಲ್ಲಿಯೇ ಇದೆ, ಬಲವಿದೆ, ಕೆಲಸವಿಲ್ಲ. ಬೀರುವಿನ ಬಾಗಿಲಿಗೆ ವರ್ಷಗಟ್ಟಲೆ ಅಂಟಿಕೊಂಡಿರುವ ಅಯಸ್ಕಾಂತದ ಸಂಗತಿಯೂ ಇಷ್ಟೇ. ಅದರಲ್ಲಿ ಬತ್ತದ ಶಕ್ತಿಯ ಊಟೆಯೇನೂ ಇಲ್ಲ. ಬಲ ಮಾತ್ರ ಇದೆ.

ಹಾಗಾದರೆ ಚಕ್ರ ತಿರುಗುವುದೇಕೆ? ಮಧುಗಿರಿಯ ಏಕಶಿಲಾ ಬೆಟ್ಟವನ್ನು ನೆನೆಸಿಕೊಳ್ಳಬಹುದು. ತುದಿಯಿಂದ ಬಿಟ್ಟ ಗುಂಡುಕಲ್ಲು ಬುಡದವರೆಗೆ ಭರದಿಂದ ಉರುಳುತ್ತದೆ. ಆದರೆ ಅದು ಇನ್ನೊಮ್ಮೆ ಉರುಳಬೇಕಾದರೆ ಯಾರಾದರೂ ಅದನ್ನು ಮತ್ತೆ ತುದಿಗೇರಿಸಬೇಕು. ಇಳಿಯುವಾಗ ದೊರೆತದ್ದು ಏರಿಸುವಾಗ ಪೂರ್ತಿ ಖರ್ಚಾಗುತ್ತದೆ. ಅಯಸ್ಕಾಂತಗಳ ನಡುವೆಯೂ ಇಂತಹ ಕಣ್ಣಿಗೆ ಕಾಣದ ಇಳಿಜಾರು ಮತ್ತು ಏರುಗಳಿವೆ. ಹತ್ತಿರ ಬರುವಾಗ ಸೆಳೆತದಿಂದ ಚಕ್ರಕ್ಕೆ ಸಿಕ್ಕ ವೇಗವನ್ನು, ದೂರ ಸರಿಯುವಾಗ ಅದೇ ಸೆಳೆತ ಹಿಂದಕ್ಕೆ ಕಿತ್ತುಕೊಳ್ಳುತ್ತದೆ. ಒಂದು ಪೂರ್ಣ ಸುತ್ತಿನ ಕೊನೆಯಲ್ಲಿ ಜಮೆ ಮತ್ತು ಖರ್ಚು ಸರಿಸಮ, ಉಳಿತಾಯ ಸೊನ್ನೆ. ಬೇರಿಂಗಿನ ತಿಕ್ಕಾಟ ಮತ್ತು ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿದರೆ ನಷ್ಟವೇ.

ಅಯಸ್ಕಾಂತಗಳನ್ನು ಓರೆಯಾಗಿ ಜೋಡಿಸಿದರೂ, ಸಂಖ್ಯೆ ಹೆಚ್ಚಿಸಿದರೂ, ನಡುವೆ ಕಬ್ಬಿಣದ ತಗಡನ್ನು ಅಡ್ಡ ಹಿಡಿದರೂ ಈ ಲೆಕ್ಕ ಬದಲಾಗದು. ತಗಡನ್ನು ಅಯಸ್ಕಾಂತ ಎಳೆಯುತ್ತದೆ. ಅದನ್ನು ಹಿಂದಕ್ಕೆ ಸರಿಸಲು ಶಕ್ತಿ ಬೇಕು. ಇನ್ನು ಕೈಯಲ್ಲಿ ಹಿಡಿದ ಅಯಸ್ಕಾಂತದಿಂದ ತಿರುಗುವ ಚಕ್ರದ ಗುಟ್ಟು ಸರಳ. ಹಿಡಿದ ಕೈ ಅರಿವಿಲ್ಲದೆ ಹಿಂದೆ ಮುಂದೆ ಅಲುಗುತ್ತಿರುತ್ತದೆ. ಚಕ್ರವನ್ನು ದುಡಿಸುತ್ತಿರುವುದು ಆ ಕೈಯೇ. ಅಯಸ್ಕಾಂತವನ್ನು ಬೆಂಚಿಗೆ ಬಿಗಿದರೆ ಚಕ್ರ ಕೆಲಹೊತ್ತಿನಲ್ಲಿ ನಿಲ್ಲುತ್ತದೆ.

ಒಂದು ಬಲ್ಬಿಗೂ ಸಾಲದು

‘ಅಯಸ್ಕಾಂತವನ್ನು ತಯಾರಿಸುವಾಗ ತುಂಬಿದ ಶಕ್ತಿಯನ್ನು ಬಳಸಿಕೊಳ್ಳುತ್ತೇವೆ’ ಎಂಬ ವಾದವೂ ಉಂಟು. ಅದರ ಲೆಕ್ಕವನ್ನೂ ನೋಡೋಣ. ಮಾರುಕಟ್ಟೆಯಲ್ಲಿ ಸಿಗುವ ಅತ್ಯಂತ ಪ್ರಬಲವಾದ ನಿಯೋಡಿಮಿಯಂ ಅಯಸ್ಕಾಂತದ ‘ಶಕ್ತಿ ಗುಣಲಬ್ಧ’ ಒಂದು ಘನ ಮೀಟರಿಗೆ ಸುಮಾರು 4 ಲಕ್ಷ ಜೌಲ್. ಅಂದರೆ 5 ಸೆಂ.ಮೀ. ಅಗಲ, 1 ಸೆಂ.ಮೀ. ದಪ್ಪದ ಬಿಲ್ಲೆಯೊಂದಕ್ಕೆ ಹೆಚ್ಚೆಂದರೆ 8 ಜೌಲ್. ಮನೆಯ 9 ವಾಟ್ ಎಲ್ಇಡಿ ಬಲ್ಬು ಇದರಿಂದ ಒಂದು ಸೆಕೆಂಡ್ ಕೂಡ ಉರಿಯದು.

ಹೋಲಿಕೆಗೆ ಕೊಳವೆಬಾವಿಯನ್ನೇ ತೆಗೆದುಕೊಳ್ಳಬಹುದು. 600 ಅಡಿ ಆಳದಿಂದ 1000 ಲೀಟರ್ ನೀರೆತ್ತಲು ಯಾವ ಯಂತ್ರವನ್ನೇ ಬಳಸಿದರೂ ಕನಿಷ್ಠ ಅರ್ಧ ಯೂನಿಟ್, ಎಂದರೆ ಸುಮಾರು 18 ಲಕ್ಷ ಜೌಲ್ ಶಕ್ತಿ ಬೇಕೇಬೇಕು. ಇದು ಪಂಪಿನ ಕಂಪನಿಯಾಗಲಿ ಬೆಸ್ಕಾಂ ಆಗಲಿ ವಿಧಿಸಿದ ನಿಯಮವಲ್ಲ. ಭೂಮಿಯ ಗುರುತ್ವ ವಿಧಿಸಿದ ಕಂದಾಯ. ಮೇಲೆ ಹೇಳಿದ ಬಿಲ್ಲೆಗಳ ಶಕ್ತಿಯನ್ನೆಲ್ಲ ಹಿಂಡಿ ತೆಗೆಯುವುದು ಸಾಧ್ಯವೆಂದೇ ಇಟ್ಟುಕೊಂಡರೂ, ಅಷ್ಟು ನೀರಿಗೆ ಎರಡು ಲಕ್ಷಕ್ಕೂ ಹೆಚ್ಚು ಬಿಲ್ಲೆಗಳು ಬೇಕಾಗುತ್ತವೆ. ಅದೂ ಒಂದೇ ಸಲಕ್ಕೆ.

ಮೋಟಾರು, ಭಾರಚಕ್ರ ಮತ್ತು ಜನರೇಟರು

ಎರಡನೆಯ ಬಗೆಯ ಯಂತ್ರದಲ್ಲಿ ಮೋಟಾರೊಂದು ಭಾರವಾದ ಚಕ್ರವನ್ನು ತಿರುಗಿಸುತ್ತದೆ, ಚಕ್ರ ಜನರೇಟರನ್ನು ತಿರುಗಿಸುತ್ತದೆ, ಜನರೇಟರಿನ ವಿದ್ಯುತ್ತು ಮತ್ತೆ ಮೋಟಾರಿಗೆ ಹೋಗುತ್ತದೆ, ಮಿಕ್ಕಿದ್ದು ಪಂಪಿಗೆ! ಕಾಗದದ ಮೇಲೆ ಇದು ಸೊಗಸಾಗಿ ಕಾಣುತ್ತದೆ. ಮೋಟಾರು ತಾನು ಪಡೆದ ಶಕ್ತಿಯ ಶೇ. 85ನ್ನು, ಬೆಲ್ಟು ಶೇ. 95ನ್ನು, ಜನರೇಟರು ಶೇ. 85ನ್ನು ದಾಟಿಸುತ್ತವೆ ಎಂದು ಭಾವಿಸೋಣ. ಹಾಕಿದ 100ರಲ್ಲಿ ಮರಳಿ ಬರುವುದು ಸುಮಾರು 69. ಮುಂದಿನ ಸುತ್ತಿಗೆ 47. ಪಂಪಿಗೆ ಮಿಗುವುದೆಲ್ಲಿ?

ಭಾರಚಕ್ರ ಶಕ್ತಿಯನ್ನು ಕೂಡಿಡುತ್ತದೆಯೇ ಹೊರತು ಹುಟ್ಟಿಸುವುದಿಲ್ಲ. 50 ಕೆ.ಜಿ. ತೂಕದ, 2 ಅಡಿ ಅಗಲದ ಚಕ್ರ ನಿಮಿಷಕ್ಕೆ 1500 ಸುತ್ತು ತಿರುಗುವಾಗ ಅದರಲ್ಲಿರುವ ಶಕ್ತಿ ಸುಮಾರು 28,000 ಜೌಲ್. 5 ಅಶ್ವಶಕ್ತಿಯ ಪಂಪು ಇದನ್ನು ಏಳೆಂಟು ಸೆಕೆಂಡುಗಳಲ್ಲಿ ಮುಗಿಸುತ್ತದೆ. ವಿಡಿಯೊಗಳು ಅಷ್ಟು ಚಿಕ್ಕದಾಗಿರಲು ಇದೂ ಒಂದು ಕಾರಣವಿದ್ದೀತು.

ಹಳೆಯ ಕನಸು

ತಾನಾಗಿ ತಿರುಗುವ ಚಕ್ರದ ಕನಸು ಇಂದಿನದಲ್ಲ. ಎರಡನೆಯ ಭಾಸ್ಕರಾಚಾರ್ಯ ಕ್ರಿ.ಶ. 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಪಾದರಸ ತುಂಬಿದ ಪೊಳ್ಳು ಅರೆಕಾಲುಗಳ ಸ್ವಯಂಚಲಿ ಚಕ್ರವೊಂದನ್ನು ವರ್ಣಿಸಿದ್ದಾನೆ. ಅವನ ಜನ್ಮಸ್ಥಳವನ್ನು ಕೆಲವು ವಿದ್ವಾಂಸರು ಇಂದಿನ ವಿಜಯಪುರವೆಂದು ಗುರುತಿಸುತ್ತಾರೆ. ಶಕ್ತಿಯ ಸಂರಕ್ಷಣಾ ನಿಯಮ ಸ್ಪಷ್ಟರೂಪ ಪಡೆದದ್ದು 19ನೆಯ ಶತಮಾನದಲ್ಲಿ. ಆದ್ದರಿಂದ ಅವನನ್ನು ದೂರುವಂತಿಲ್ಲ. ಆ ನಿಯಮಕ್ಕೂ ಮೊದಲೇ, 1775ರಲ್ಲಿ, ಪ್ಯಾರಿಸ್ಸಿನ ರಾಯಲ್ ವಿಜ್ಞಾನ ಅಕಾಡೆಮಿ ನಿರಂತರ ಚಲನ ಯಂತ್ರಗಳ ಪ್ರಸ್ತಾವಗಳನ್ನು ಇನ್ನು ಪರಿಶೀಲಿಸುವುದಿಲ್ಲವೆಂದು ನಿರ್ಧರಿಸಿತ್ತು.

ಕರ್ನಾಟಕದಲ್ಲಿ ಈ ಚರ್ಚೆಗೆ ಗಂಭೀರ ಮುಖವೊಂದು ದೊರೆತದ್ದು ಪರಮಹಂಸ ತಿವಾರಿ ಅವರಿಂದ. ಉತ್ತರ ಕನ್ನಡದ ಕೈಗಾ ಅಣು ವಿದ್ಯುತ್ ಯೋಜನೆಯ ಹೊಣೆ ಹೊತ್ತಿದ್ದ ಈ ಹಿರಿಯ ಎಂಜಿನಿಯರ್ 1997ರಲ್ಲಿ ನಿವೃತ್ತರಾದರು. ಶೂನ್ಯಾಕಾಶದಿಂದಲೇ ಶಕ್ತಿ ಪಡೆಯಬಹುದೆಂಬ ಸಿದ್ಧಾಂತವೊಂದನ್ನು ಮಂಡಿಸಿದ ಅವರು, ಹಾಕಿದ್ದಕ್ಕಿಂತ ಹೆಚ್ಚು ವಿದ್ಯುತ್ತು ಕೊಡುವ ಜನರೇಟರನ್ನು ರಚಿಸಿರುವುದಾಗಿ ಹೇಳಿದರು. ಅವರ ದಕ್ಷತೆಯ ಅಂಕಿಗಳು ಶೇ. 100ನ್ನು ಬಹಳ ದಾಟಿ, ಶೇ. 250ರವರೆಗೂ ಹೋಗಿದ್ದವು. ಆದರೆ ವಿಜ್ಞಾನ ಲೋಕ ಆ ಸಿದ್ಧಾಂತವನ್ನು ಅಂಗೀಕರಿಸಲಿಲ್ಲ. ಯಾವ ಊರಿಗೂ ಅಂತಹ ಯಂತ್ರದಿಂದ ವಿದ್ಯುತ್ತು ಬರಲಿಲ್ಲ. ಹೇಳಿದವರು ಅನುಭವಿ ಎಂಜಿನಿಯರ್ ಎಂಬುದು ಅವರ ಮಾತನ್ನು ಪರೀಕ್ಷಿಸಲು ಕಾರಣವಾದೀತೇ ವಿನಾ ಒಪ್ಪಿಕೊಳ್ಳಲು ಕಾರಣವಾಗದು.

ಇದಕ್ಕೆ ಹೋಲಿಸಬಹುದಾದ ಸಾಧನೆ ಅದೇ ಕೈಗಾದಲ್ಲಿ ನಡೆದಿದೆ. ಅಲ್ಲಿನ ಒಂದನೆಯ ಘಟಕ 2018ರ ಡಿಸೆಂಬರ್ 31ರಂದು ನಿಂತಾಗ, ಸತತ 962 ದಿನ ಎಡೆಬಿಡದೆ ದುಡಿದಿತ್ತು. ಆ ಕಾಲಕ್ಕೆ ಅದು ವಿಶ್ವದಾಖಲೆ. ಆದರೆ ಆ 962 ದಿನಗಳೂ ಅದಕ್ಕೆ ಯುರೇನಿಯಂ ಇಂಧನ ಉಣಿಸಲಾಗಿತ್ತು.

ಹೊರನಾಡುಗಳ ಕಥೆಯೂ ಇದೇ. ಅಮೆರಿಕದ ಜೋಸೆಫ್ ನ್ಯೂಮನ್ ಅವರ ‘ಶಕ್ತಿಯಂತ್ರ’ವನ್ನು 1986ರಲ್ಲಿ ಅಲ್ಲಿನ ರಾಷ್ಟ್ರೀಯ ಮಾನಕ ಸಂಸ್ಥೆ ಅಳೆದು ನೋಡಿದಾಗ, ಎಲ್ಲ ಪ್ರಯೋಗಗಳಲ್ಲೂ ಹೊರಬಂದ ಶಕ್ತಿ ಒಳಹೋದದ್ದಕ್ಕಿಂತ ಕಡಿಮೆಯಿತ್ತು. ಅಯಸ್ಕಾಂತದಿಂದ ಉಚಿತ ಶಕ್ತಿ ದೊರೆಯುತ್ತದೆಂದು 2006ರಲ್ಲಿ ಜಾಹೀರಾತು ನೀಡಿ ವಿಜ್ಞಾನಿಗಳಿಗೆ ಸವಾಲೆಸೆದ ಐರ್ಲೆಂಡಿನ ಸ್ಟೋರ್ನ್ ಕಂಪನಿಯ 2007ರ ಲಂಡನ್ ಪ್ರದರ್ಶನ ವಿಫಲವಾಯಿತು. ಸವಾಲಿನಂತೆ ರಚನೆಗೊಂಡ 22 ತಜ್ಞರ ಮಂಡಳಿ, ಅಂತಹ ಶಕ್ತಿ ಉತ್ಪತ್ತಿಯಾದದ್ದನ್ನು ಕಂಪನಿ ತೋರಿಸಿಲ್ಲವೆಂದು 2009ರಲ್ಲಿ ಒಕ್ಕೊರಲಿನಿಂದ ಹೇಳಿತು.

ನೋಡುವುದು ಸಾಲದು, ಅಳೆಯಬೇಕು

ಹೊಳವನಹಳ್ಳಿಗೆ ದೂರವಲ್ಲದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಡಾ. ಎಚ್. ನರಸಿಂಹಯ್ಯ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ಪರಿಶೀಲನೆಗೆ ಸಮಿತಿಯೊಂದನ್ನು ರಚಿಸಿದ್ದರು. ಪರೀಕ್ಷೆಯ ಕರಾರುಗಳನ್ನು ಪ್ರದರ್ಶಿಸುವವರಿಗೆ ಬಿಡಬಾರದೆಂಬುದು ಅವರ ನಿಲುವಿನ ತಿರುಳು. ಬಿಟ್ಟಿ ವಿದ್ಯುತ್ತಿನ ಯಂತ್ರಕ್ಕೂ ಅದೇ ಅಳತೆಗೋಲು ಸಲ್ಲುತ್ತದೆ.

ಮೊದಲನೆಯದಾಗಿ, ಯಂತ್ರಕ್ಕೆ ಬರುವ ಎಲ್ಲ ತಂತಿಗಳನ್ನೂ ಬ್ಯಾಟರಿಯನ್ನೂ ತೆಗೆಸಬೇಕು. 100 ಹಾಕಿದರೆ 250 ಕೊಡುವ ಯಂತ್ರ ನಿಜವಾಗಿದ್ದರೆ, ಆ 250ರಲ್ಲಿ 100ನ್ನು ತನಗೇ ಉಣಿಸಿಕೊಂಡು ಹೊರಗಿನ ನೆರವಿಲ್ಲದೆ ನಡೆಯಲೇಬೇಕು. ಎರಡನೆಯದಾಗಿ, ಖಾಲಿ ತಿರುಗಿದರೆ ಸಾಲದು. ಗೊತ್ತಾದ ಹೊರೆಯನ್ನು ಹೊತ್ತು ಬೀಗ ಹಾಕಿದ ಕೋಣೆಯಲ್ಲಿ ವಾರಗಟ್ಟಲೆ ದುಡಿಯಬೇಕು. ಮೂರನೆಯದಾಗಿ, ವೋಲ್ಟೇಜನ್ನೂ ಕರೆಂಟನ್ನೂ ಬೇರೆ ಬೇರೆಯಾಗಿ ಅಳೆದು ಗುಣಿಸಿ ಹೇಳುವ ಅಂಕಿಯನ್ನು ನಂಬಬಾರದು. ಎಸಿ ವಿದ್ಯುತ್ತಿನಲ್ಲಿ ಪವರ್ ಫ್ಯಾಕ್ಟರ್ ಬಿಟ್ಟ ಲೆಕ್ಕ ನಿಜಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಪ್ರಾಮಾಣಿಕರಾದ ಸಂಶೋಧಕರೂ ಎಡವುವುದು ಇಲ್ಲಿಯೇ. ಒಳಬರುವ ಕಡೆಗೂ ಹೊರಹೋಗುವ ಕಡೆಗೂ ಯೂನಿಟ್ ಎಣಿಸುವ ಮೀಟರುಗಳಿರಬೇಕು. ವಿದ್ಯುತ್ ಯಂತ್ರಗಳ ಪರೀಕ್ಷೆಗೆಂದೇ 1960ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಬೆಂಗಳೂರಿನಲ್ಲಿಯೇ ಇದೆ.

‘ಪೇಟೆಂಟ್ ಆಗಿದೆ’ ಎಂಬ ಮಾತಿಗೂ ಮರುಳಾಗಬೇಕಿಲ್ಲ. ಅರ್ಜಿ ಯಾರು ಬೇಕಾದರೂ ಹಾಕಬಹುದು. ಅರ್ಜಿಯ ಸಂಖ್ಯೆ ಪೇಟೆಂಟ್ ಅಲ್ಲ. ಸ್ಥಾಪಿತ ನಿಸರ್ಗ ನಿಯಮಗಳಿಗೆ ಸ್ಪಷ್ಟವಾಗಿ ವಿರುದ್ಧವಾದುದನ್ನು ಹೇಳಿಕೊಳ್ಳುವ ಆವಿಷ್ಕಾರಕ್ಕೆ ಪೇಟೆಂಟ್ ಇಲ್ಲವೆಂದು ಭಾರತದ 1970ರ ಪೇಟೆಂಟ್ ಕಾಯ್ದೆಯ 3(ಎ) ಕಲಮೇ ಹೇಳುತ್ತದೆ. ಅಮೆರಿಕದಲ್ಲಿ 1979ರಲ್ಲಿ ಹೋವರ್ಡ್ ಜಾನ್ಸನ್ ಎಂಬವರಿಗೆ ಶಾಶ್ವತ ಅಯಸ್ಕಾಂತ ಮೋಟಾರಿನ ಪೇಟೆಂಟ್ ದೊರೆತದ್ದು ನಿಜ. ಆದರೆ ಆ ಮೋಟಾರಿನಿಂದ ಬೆಳಗಿದ ಮನೆಗಳಿಲ್ಲ.

ಅಯಸ್ಕಾಂತ ನಿರುಪಯುಕ್ತವೆಂದಲ್ಲ. ಶಾಶ್ವತ ಅಯಸ್ಕಾಂತ ಬಳಸುವ ಬಿಎಲ್‌ಡಿಸಿ ಫ್ಯಾನು ಸುಮಾರು 30 ವಾಟ್ ವಿದ್ಯುತ್ತಿನಲ್ಲಿ, ಹಳೆಯ ಫ್ಯಾನು 75 ವಾಟಿನಲ್ಲಿ ಬೀಸುವಷ್ಟೇ ಗಾಳಿ ಬೀಸುತ್ತದೆ. ಅಯಸ್ಕಾಂತ ಶಕ್ತಿಯನ್ನು ಸೃಷ್ಟಿಸುವುದಿಲ್ಲ. ಪೋಲಾಗುವುದನ್ನು ತಡೆಯಲು ನೆರವಾಗುತ್ತದೆ. ಮನೆಯ ಬಿಲ್ಲಿನಲ್ಲಿ ಕಾಣುವ ಲಾಭ ಇದೇ.

ಉಚಿತವೆಂದರೆ ಯಾರ ಲೆಕ್ಕಕ್ಕೆ?

ಸರ್ಕಾರ ಕೊಡುವ ಉಚಿತ ವಿದ್ಯುತ್ತಿಗೂ ಬೆಲೆ ಉಂಟು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯ ಯೂನಿಟ್ಟುಗಳಿಗಾಗಲಿ, 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟುಗಳ ವಿದ್ಯುತ್ತಿಗಾಗಲಿ ಹಣ ಹೋಗುವುದು ರಾಜ್ಯದ ಬೊಕ್ಕಸದಿಂದ.

ಇದೇ ಸೀಮೆಯ ಪಾವಗಡದಲ್ಲಿ ಬಿಸಿಲು ನಿಜಕ್ಕೂ ಬಿಟ್ಟಿಯಾಗಿ ಸುರಿಯುತ್ತದೆ. ತಿರುಮಣಿ, ವಳ್ಳೂರು ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2018ರಲ್ಲಿ ಉದ್ಘಾಟನೆಗೊಂಡ ಸೌರ ಉದ್ಯಾನದ ಸಾಮರ್ಥ್ಯ 2050 ಮೆಗಾವಾಟ್. ಆದರೆ ಬಿಸಿಲನ್ನು ಹಿಡಿಯುವ ಫಲಕಕ್ಕೆ, ತಂತಿಗೆ, ಉಪಕೇಂದ್ರಕ್ಕೆ ದುಡ್ಡು ಬೇಕಾಯಿತು. ಜಮೀನು ಕೊಟ್ಟ ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆ ಹಣ ನಿಗದಿಯಾಯಿತು. ಅಲ್ಲಿ ಯಾವುದೂ ಶೂನ್ಯದಿಂದ ಹುಟ್ಟಿಲ್ಲ; ಎಲ್ಲದಕ್ಕೂ ಲೆಕ್ಕವಿದೆ. ಆ ಕಾರಣದಿಂದಲೇ ಅಲ್ಲಿ ವಿದ್ಯುತ್ತು ಬರುತ್ತಿದೆ.

ಮುಂಗಡ ಕೇಳುವ ಯಂತ್ರದ ಮುಂದೆ ನಿಂತಾಗ ಕೇಳಬೇಕಾದ ಪ್ರಶ್ನೆ ‘ಇದು ತಿರುಗುತ್ತದೆಯೇ?’ ಎಂದಲ್ಲ, ‘ಇದರ ಶಕ್ತಿ ಯಾವ ಲೆಕ್ಕದಿಂದ ಬರುತ್ತಿದೆ?’ ಎಂದು. ಅದಕ್ಕೆ ನೇರವಾದ ಉತ್ತರ ಸಿಗದಿದ್ದರೆ, ಆ ಲೆಕ್ಕ ತುಂಬಬೇಕಾದವರು ಕೊಳ್ಳುವವರೇ ಎಂದು ತಿಳಿಯುವುದು ಕ್ಷೇಮ.